ಟ್ರೇಲರಿನಿಂದ ದೂರ ಇಟ್ಟ ಒಲೆ

ಅಚ್ಚಾದ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಗಂಡಸಿನ ಜೊತೆ ಸಂಸಾರ ಮಾಡುವುದು ಕಷ್ಟ ಎಂಬುದು ನನ್ನ ಹೆಂಡತಿ ಗಿರಿಜೆಯ ಅಭಿಪ್ರಾಯ. ನಾನು ಔಷಧದ ಬಾಟಲಿಯ ಚೀಟಿ, ಬಸ್ ಟಿಕೆಟ್ಟಿನ ಹಿಂಬದಿ, ಬೆಂಕಿಪೊಟ್ಟಣದ ಮೈ, ಯಾವುದನ್ನೂ ಬಿಡುವವನಲ್ಲ. ಓದಿ ಸುಮ್ಮನಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಓದಿದ್ದನ್ನು ಮನೆಮಂದಿಗೆಲ್ಲ ಹೇಳುತ್ತೇನೆ, ಹೇಳಿದ ಮೇಲೆ ಹಾಗೆಯೇ ನಡೆಯಬೇಕೆಂದು ಹಟ ಹಿಡಿಯುತ್ತೇನೆ. ಅಪಾಯಕ್ಕಿಂತ ಮುಂಜಾಗ್ರತೆಯಿಂದಲೇ ನಮ್ಮ ಮನೆಯಲ್ಲಿ ಹೆಚ್ಚು ನಷ್ಟವಾಗಿದೆ ಎಂದು ಅವಳು ಹೇಳುತ್ತಿರುತ್ತಾಳೆ.

ಇದಕ್ಕೆ ಅವಳು ಕೊಡುವ ಮೊದಲ ಉದಾಹರಣೆ ತನ್ನ ತಂಗಿ ಸುನಂದಾಳನ್ನು ವರನ ಕಡೆಯವರು ನೋಡಲು ಬಂದ ದಿನದ್ದು. ಎಂಬತ್ತರ ದಶಕದ ಕೊನೆಯೋ ತೊಂಬತ್ತರ ಆರಂಭವೋ ಸರಿಯಾಗಿ ಹೇಳಲಾರೆ. ಆಗ ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಸತ್ತ ರಾಜರ ಇಸವಿಗಳು ನೆನಪಿರುತ್ತವೆ, ನಮ್ಮ ಮನೆಯವು ಇರುವುದಿಲ್ಲ. ಆದ್ದರಿಂದ ಮುಂದೆ ಹೇಳುವುದರಲ್ಲಿ ಸ್ವಲ್ಪ ನನ್ನ ನೆನಪು, ಸ್ವಲ್ಪ ಗಿರಿಜೆಯ ಕುಹಕ. ಯಾವುದು ಎಷ್ಟು ಎಂದು ನನಗೇ ಗೊತ್ತಿಲ್ಲ.

ನನ್ನ ಅತ್ತೆ ಮಾವ ಸಿಂಧನೂರಿನವರು. ಸುನಂದಾಳನ್ನು ಅದಾಗಲೇ ಎರಡು ಕಡೆಯವರು ನೋಡಿ, ಮಂಡಕ್ಕಿ ಒಗ್ಗರಣೆ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ತಿಳಿಸದೆ ಉಳಿದಿದ್ದರು. ಓಣಿಯವರು ಮಾತ್ರ ಏನಾಯಿತು ಎಂದು ದಿನಾ ತಪ್ಪದೆ ಕೇಳುತ್ತಿದ್ದರು. ಮೂರನೆಯ ಸಂಬಂಧ ಪಾಮನಕಲ್ಲೂರಿನಿಂದ ಬಂದಾಗ ಸುನಂದಾ ಕಡ್ಡಿ ಮುರಿದಂತೆ ಹೇಳಿದಳು: "ಇದೊಂದ ಸಲ ಕುಂದರತೀನಿ. ಈ ಸಲಾನೂ ತಲಿ ಬಗ್ಗಿಸಿ ಕುಂದ್ರಿಸಿ, ನೋಡಿ, ಎದ್ದು ಹೋದ್ರ ಮತ್ತ ಯಾರ ಮುಂದೂ ನಾ ಚಾಪಿ ಮ್ಯಾಲೆ ಕುಂದ್ರಂಗಿಲ್ಲ." ಅವಳು ಆಡಿದ ಮಾತಿಗೆ ತಪ್ಪುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ ಆ ವಾರ ಊಟ ಸೇರಲಿಲ್ಲ.

ಓಣಿಯ ಕಣ್ಣಿಗೆ ಬೀಳದಿರಲಿ ಎಂದು ಎರಡೂ ಕಡೆಯವರು ಮಸ್ಕಿಯ ಹಾದಿಯಲ್ಲಿ, ಕಾಲುವೆಯ ದಂಡೆಯ ಬೇವಿನ ಮರಗಳ ಕೆಳಗೆ ಸೇರುವುದೆಂದು ಮಾವ ಗೊತ್ತು ಮಾಡಿದರು. ಟ್ರ್ಯಾಕ್ಟರಿನ ಟ್ರೇಲರಿಗೆ ಮೊಣಕಾಲೆತ್ತರ ನೆಲ್ಲುಹುಲ್ಲು ಹಾಸಿ, ಮೇಲೆ ಜಮಖಾನೆ ಬಿಚ್ಚಿ, ಬಿದಿರು ಬಗ್ಗಿಸಿ ತಾಡಪತ್ರಿ ಕಟ್ಟಿದಾಗ ಅದು ಚಕ್ರದ ಮೇಲಿನ ಮನೆಯಂತೆ ಕಂಡಿತು. ಇಷ್ಟಾದ ಮೇಲೆ ಅತ್ತೆ ಒಳಗಿನಿಂದ ಗ್ಯಾಸ್ ಸಿಲಿಂಡರನ್ನು ಉರುಳಿಸಿಕೊಂಡು ಬಂದರು. ಅದು ಬಹಳ ಕಾಲ ಕಾದ ಮೇಲೆ ಮನೆಗೆ ಬಂದದ್ದು. ಬೀಗರಿಗೆ ಬಿಸಿ ಮಿರ್ಚಿ ಕರಿದು ಹಾಕಿದಂತೆಯೂ ಆಯಿತು, ನಮ್ಮ ಮನೆಯಲ್ಲಿ ಗ್ಯಾಸ್ ಇದೆ ಎಂದು ಬಾಯಿಬಿಡದೆ ಹೇಳಿದಂತೆಯೂ ಆಯಿತು ಎಂಬುದು ಅವರ ಲೆಕ್ಕ. ಹೀಗೆ ಯಾರಿಗೂ ಗೊತ್ತಾಗಬಾರದೆಂದು ಹೊರಟ ನಾವು ರೇಷ್ಮೆ ಸೀರೆ, ಒಲೆ, ಬಾಣಲೆ, ಸಿಲಿಂಡರುಗಳೊಂದಿಗೆ ಟ್ರೇಲರ್ ಹತ್ತುವುದನ್ನು ಇಡೀ ಓಣಿ ಹೊರಗೆ ಬಂದು ನೋಡಿತು. ಮನೆ ಖಾಲಿ ಮಾಡುತ್ತಿದ್ದೇವೆಂದು ತಿಳಿದ ಎದುರುಮನೆಯ ಮುದುಕಿ ಕಣ್ಣೀರು ಒರೆಸಿಕೊಂಡಳು.

ಸಿಲಿಂಡರಿನ ಜವಾಬ್ದಾರಿ ಎಂ.ಎ. ಓದಿದ ದೊಡ್ಡ ಅಳಿಯನಾದ ನನ್ನದಾಯಿತು. ಬೆಂಕಿಯ ಬಗ್ಗೆ ನನಗಿದ್ದ ತಿಳಿವಳಿಕೆ ಆದಿಮಾನವ ಅದನ್ನು ಕಂಡುಹಿಡಿದಲ್ಲಿಗೆ ನಿಂತಿತ್ತು. ಆದರೆ ಗ್ಯಾಸಿನ ಅಂಗಡಿಯವರು ಕೊಟ್ಟ ಸೂಚನೆಯ ಹಾಳೆಯನ್ನು ದಾರಿಯುದ್ದಕ್ಕೂ ಓದಿದೆ. ಓದಿದಷ್ಟೂ ನಾವು ಕುಳಿತ ಹುಲ್ಲು ಕೆಳಗಿನಿಂದ ಬೆಚ್ಚಗಾಗುತ್ತಿದೆ ಎನ್ನಿಸತೊಡಗಿತು.

ಕಾಲುವೆಯ ಹತ್ತಿರ ಟ್ರೇಲರ್ ನಿಂತಾಗ ನಾನು ಇಳಿದು ಜಾಗ ನೋಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಟ್ರೇಲರಿನ ಒಳಗೇ, ಹುಲ್ಲಿನ ಮಧ್ಯೆ, ಸಿಲಿಂಡರಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಅದರ ನೆತ್ತಿಯ ಮೇಲೆ ಬಾಳೆಹಣ್ಣಿಟ್ಟು, ಹಣ್ಣಿಗೆ ಹೊತ್ತಿದ ಊದುಬತ್ತಿ ಚುಚ್ಚಿ ಕೈಮುಗಿದು ನಿಂತಿದ್ದರು. ಕರ್ಪೂರ ಇನ್ನೂ ಬಾಕಿಯಿತ್ತು. ನಾನು ಹಾರಿ ಊದುಬತ್ತಿ ಕಿತ್ತು ಕಾಲುವೆಗೆ ಎಸೆದೆ, ಗಡಿಬಿಡಿಯಲ್ಲಿ ಬಾಳೆಹಣ್ಣೂ ಜೊತೆಗೆ ಹೋಯಿತು. ಅತ್ತೆ ನನ್ನನ್ನು ದಿಟ್ಟಿಸಿ, "ದೇವ್ರ ಮ್ಯಾಲೂ ನಂಬಿಕಿ ಇಲ್ಲೇನ್ರಿ ಅಳಿಯಾರ ನಿಮಗ" ಎಂದರು. ದೇವರ ಮೇಲಿದೆ, ವಾಲ್ವಿನ ಮೇಲಿಲ್ಲ ಎಂದೆ.

ಆ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ವರ ಬಂದ. ಹೆಸರು ಶಿವರಾಜ, ಶಾಲಾ ಮಾಸ್ತರ. ಜೊತೆಗೆ ಅವನ ತಂದೆ ಹನುಮಂತಪ್ಪ. ಬೀಗರನ್ನು ಟ್ರೇಲರಿನಲ್ಲಿ ಕೂರಿಸಿ ಅಲ್ಲೇ ಮೂಲೆಯಲ್ಲಿ ಮಿರ್ಚಿ ಕರಿಯೋಣ, ಗಾಳಿಯೂ ಬರುವುದಿಲ್ಲ ಎಂದರು ಮಾವ. ಹುಲ್ಲು, ತಾಡಪತ್ರಿ, ಡೀಸೆಲ್ಲು ಇವುಗಳ ಸನಿಹ ಉರಿ ಕೂಡದೆಂದು ನಾನು ಹಾಳೆ ತೋರಿಸಿದೆ. ಹಾಗಾದರೆ ದಂಡೆಯ ಕೆಳಗಿನ ತಗ್ಗಿನಲ್ಲಿ ಎಂದರು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ಕೂಡುತ್ತದೆ ಎಂದೆ. ಕೊನೆಗೆ ಮಾವನೂ ನಾನೂ ಸಿಲಿಂಡರನ್ನು ಮಗುವಿನಂತೆ ನೆಟ್ಟಗೆ ಹಿಡಿದುಕೊಂಡು ದೂರದ ಬಯಲಿಗೆ ಒಯ್ದೆವು. ಬೀಗರು ಟ್ರೇಲರಿನಲ್ಲಿ, ಒಲೆ ಬಯಲಿನಲ್ಲಿ, ಹೆಣ್ಣು ನಡುವೆ ಬೇವಿನ ಮರದ ಕೆಳಗೆ ಚಾಪೆಯ ಮೇಲೆ ತಲೆ ಬಗ್ಗಿಸಿಕೊಂಡು. ಯಾರಿಗೆ ಯಾರೂ ಕಾಣುವಂತಿರಲಿಲ್ಲ. ನಾನು ಸೋರಿಕೆ ನೋಡಲು ನಳಿಕೆಗೆ ಸಾಬೂನಿನ ನೊರೆ ಬಳಿಯುತ್ತಿದ್ದಾಗ ಹನುಮಂತಪ್ಪನವರು ಮಗನೊಂದಿಗೆ ಇಳಿದು ಬಂದು ನೋಡಿ, "ಒಲಿಗೆ ಜಳಕಾ ಮಾಡಸಾಕತ್ತಾರೇನು" ಎಂದು ಗಿರಿಜೆಯನ್ನು ಕೇಳಿದರಂತೆ. ಹೌದ್ರಿ, ಆಮೇಲೆ ಹಾಲು ಕುಡಿಸಿ ಮಲಗಿಸುತ್ತಾರೆ ಎಂದಳಂತೆ ಅವಳು.

ಒಲೆ ಹೊತ್ತಿತು. ಗಾಳಿ ಬಂತು, ಆರಿತು. ಆರಿದರೆ ವಾಲ್ವ್ ಮುಚ್ಚಿ, ಗ್ಯಾಸು ಚದುರುವವರೆಗೆ ಕಾಯಬೇಕು. ಕಾಯಿಸಿದೆ. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮತ್ತೆ ಕಾಯಿಸಿದೆ. ಹಿಟ್ಟು ಕಲಸಿ ಕುಳಿತ ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬೀಗರು ಹಸಿದು, ತಿಳಿಸುತ್ತೇವೆ ಎಂದು ಎದ್ದರೆ ಸುನಂದಾಳ ಕಥೆ ಮುಗಿದಂತೆ. ಗಾಳಿಗೆ ಅಡ್ಡವಾಗಿ ಯಾರಾದರೂ ಟ್ರೇಲರಿನ ಜಮಖಾನೆ ತಂದು ಹಿಡಿಯಬೇಕಿತ್ತು. ಅತ್ತೆಯ ಕೈಯಲ್ಲಿ ಹಿಟ್ಟು, ಗಿರಿಜೆಯ ಕೈಯಲ್ಲಿ ಎಣ್ಣೆ, ಮಾವ ಸಿಲಿಂಡರನ್ನು ಅಪ್ಪಿಕೊಂಡಿದ್ದರು, ಹನುಮಂತಪ್ಪನವರಿಗೆ ಸೊಂಟನೋವು. ಕೈ ಖಾಲಿ ಇದ್ದವರು ಇಬ್ಬರೇ. ಗಾಬರಿಯಲ್ಲಿ ನನಗೆ ಅವರು ಯಾರೆಂಬುದು ಹೊಳೆಯಲಿಲ್ಲ. "ಸುನಂದಾ, ಆ ತುದಿ ಹಿಡಿ. ಮಾಸ್ತರ, ನೀವು ಈ ತುದಿ" ಎಂದೆ.

ನೋಡಬೇಕಾದ ಹೆಣ್ಣು ಚಾಪೆ ಬಿಟ್ಟು ಎದ್ದು, ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಹಿಡಿದಳು. ಮಾಸ್ತರ ಇನ್ನೊಂದು ಹಿಡಿದ. ಗಾಳಿ ಆಚೆಯಿಂದ ಬಂದರೆ ಆಚೆ, ಈಚೆಯಿಂದ ಬಂದರೆ ಈಚೆ ಎಂದು ನಾನು ಕೂಗುತ್ತಿದ್ದೆ. ಜಮಖಾನೆ ಉರಿಗೆ ತಾಗೀತು, ಇನ್ನೂ ಹಿಂದೆ, ಇನ್ನೂ ಹಿಂದೆ ಎಂದೂ ಕೂಗುತ್ತಿದ್ದೆ. ಅವರಿಬ್ಬರೂ ಒಲೆಯ ಸುತ್ತ ತಿರುಗಿದರು, ಎಡವಿದರು, ಒಬ್ಬರಿಗೊಬ್ಬರು ಏನೋ ಹೇಳಿಕೊಂಡರು. ಸುನಂದಾ ನಕ್ಕದ್ದು ನನಗೆ ಕೇಳಿಸಿತು. ಅವಳು ಈಗಲೂ ಹೇಳುತ್ತಾಳೆ, "ಮಾಮಾನ್ನ ಹಿಂಗ ಬಿಟ್ರ ನಮ್ಮನ್ನ ಮುದಗಲ್ ತನಕ ಹಿಂದಕ್ಕ ಕಳಸತಾರ" ಎಂದು ಅವನು ಪಿಸುಗುಟ್ಟಿದನೆಂದು. ಅದನ್ನು ಹೇಳಿದ್ದು ಅವಳೇ ಎಂದು ಅವನು ಹೇಳುತ್ತಾನೆ.

ಮಿರ್ಚಿ ಆದವು. ಕೆಲವು ಹಸಿ, ಕೆಲವು ಕರಕಲು, ಒಂದೆರಡರಲ್ಲಿ ಸಾಬೂನಿನ ವಾಸನೆ. ಹನುಮಂತಪ್ಪನವರು ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಮಾವನ ಎದುರು ಕುಳಿತರು. "ಊರಿಗೆ ಹೋಗಿ ತಿಳಿಸೂದೇನ ಉಳದಿಲ್ರಿ. ಸಿನಿಮಾದಾಗ ಬೆಂಕಿ ಸುತ್ತ ಒಮ್ಮಿ ತಿರಗಿದ್ರ ಮದಿವಿ ಆದಂಗ. ಇವ್ರು ಎಷ್ಟ ಸುತ್ತ ತಿರಗ್ಯಾರ ಅಂತ ದೇವ್ರಿಗೇ ಗೊತ್ತು. ಹುಡುಗಿ ನಮಗ ಒಪ್ಪಿಗಿ ಐತಿ. ಆಕಿಗೂ ನಮ್ಮ ಹುಡುಗ ಒಪ್ಪಿಗಿ ಏನು, ಕೇಳ್ರಿ." ಸುನಂದಾ ಜಮಖಾನೆಯನ್ನು ಬಿಡದೆಯೇ ತಲೆಯಾಡಿಸಿದಳು.

ಕೊಡುವುದು ತರುವುದು ಏನಿದ್ದರೂ ಹೇಳಿಬಿಡಿ ಎಂದು ಮಾವ ಕೈಮುಗಿದರು. ತಮಗೆ ಏನೂ ಬೇಡ ಎಂದರು ಹನುಮಂತಪ್ಪನವರು. ಒಂದೇ ಒಂದು ಷರತ್ತು ಎಂದು ನನ್ನ ಕಡೆ ಓರೆನೋಟ ಬೀರಿ ದನಿ ತಗ್ಗಿಸಿದರು. "ಮದಿವಿ ಅಡಿಗಿ ಕಡೆ ಈ ಸಾಹೇಬ್ರನ್ನ ಬಿಡಬ್ಯಾಡ್ರಿ. ಮಂದಿ ಊಟ ಮಾಡಿ ಹೋಗಬೇಕ್ರಿ."

ಮಾವ ಯೋಚಿಸದೆ ಒಪ್ಪಿದರು. ಅತ್ತೆ ಅದಕ್ಕಿಂತ ಮೊದಲೇ ಒಪ್ಪಿಯಾಗಿತ್ತು. ನನ್ನ ಪರವಾಗಿ ಒಂದು ಮಾತಾದರೂ ಬಂದೀತೆಂದು ಗಿರಿಜೆಯ ಕಡೆ ನೋಡಿದೆ. ಅವಳು ಆ ಷರತ್ತು ಮದುವೆಯ ದಿನಕ್ಕಷ್ಟೇ ಅನ್ವಯಿಸುತ್ತದೆಯೋ, ಮುಂದೆಯೂ ಜಾರಿಯಲ್ಲಿರುತ್ತದೆಯೋ ಎಂದು ವಿಚಾರಿಸುತ್ತಿದ್ದಳು.