ಎರಡು ಸೆಲ್ಲು, ಒಂದು ಗಡ್ಡ

ಆ ದಿನದ ಅನಾಹುತಕ್ಕೆಲ್ಲ ಮೂಲ ಎರಡು ಸೆಲ್ಲು. ಬೆಳಿಗ್ಗೆ ಗಿರಾಕಿಯೊಬ್ಬರ ಕತ್ತಿನ ಹಿಂದೆ ಅರ್ಧ ದಾರಿಯಲ್ಲಿ ಟ್ರಿಮ್ಮರ್ ನಿಂತುಹೋದಾಗ ನುಣುಪಣ್ಣ ಹಿಂದೆಮುಂದೆ ನೋಡದೆ ಮಾವನ ರೇಡಿಯೊದಿಂದ ಹೊಸ ಸೆಲ್ಲು ಕಿತ್ತು ಅದಕ್ಕೆ ಹಾಕಿಕೊಂಡ. ಕೊನೆಯುಸಿರೆಳೆಯುತ್ತಿದ್ದ ಹಳೆಯ ಸೆಲ್ಲುಗಳನ್ನು ರೇಡಿಯೊಗೆ ತುರುಕಿದ. ಮಧ್ಯಾಹ್ನದೊಳಗೆ ಬೇರೆ ತಂದರಾಯಿತು ಎಂದುಕೊಂಡವನು ಆಮೇಲೆ ಮರೆತೇಬಿಟ್ಟ.

ನುಣುಪಣ್ಣ ಬೀದಿಯ ಸಲೂನಿನವನು. ದಿನಕ್ಕೆರಡು ಸಲ ತನ್ನ ಕೆನ್ನೆಯನ್ನು ತಾನೇ ಬೋಳಿಸಿಕೊಂಡು ನುಣ್ಣಗೆ ಇಟ್ಟುಕೊಳ್ಳುತ್ತಿದ್ದುದರಿಂದ ಗಿರಾಕಿಗಳು ಕೊಟ್ಟ ಹೆಸರು ಅದು. "ನನ್ನ ಕೆನ್ನೇನೇ ನನ್ನ ಅಂಗಡಿ ಬೋರ್ಡು" ಎನ್ನುತ್ತಿದ್ದ. ಅಂಗಡಿಯೇನೋ ಅವನದು, ಕಟ್ಟಡ ಮಾತ್ರ ಮಾವನದು. ಮಾವನಿಗೋ ಎದೆ ಮುಟ್ಟುವ ಗಡ್ಡ. ಇಪ್ಪತ್ತಾರು ವರ್ಷದ ಹಿಂದೆ ಅವರು ಮಾಡಿದ ಶಪಥ ಕನ್ನಡಿಯ ಪಕ್ಕದಲ್ಲೇ ಚೌಕಟ್ಟಿನೊಳಗೆ ತೂಗುತ್ತಿತ್ತು: 'ನಮ್ಮ ಫುಟ್‌ಬಾಲ್ ಕ್ಲಬ್ಬು ಕಪ್ ಗೆಲ್ಲುವವರೆಗೆ ಈ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ.' ಕೆಳಗೆ ಸಾಕ್ಷಿಯಾಗಿ ಗೆಳೆಯ ಪೋಸ್ಟ್‌ಮ್ಯಾನರ ರುಜು.

"ಗೆಲ್ಲೋಕೆ ಮುಂಚೆ ಇದನ್ನ ಮುಟ್ಟಿದ್ರೆ, ಅಳಿಯಂದ್ರೇ, ಅಂಗಡಿಗೆ ಬೀಗ" ಎಂದು ಮಾವ ಆಗಾಗ ನೆನಪಿಸುತ್ತಿದ್ದರು. ನುಣುಪಣ್ಣನಿಗೆ ಫುಟ್‌ಬಾಲಿನ ತಲೆಬುಡ ಗೊತ್ತಿರಲಿಲ್ಲ. ಬೀಗ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ಅಂದು ಫೈನಲ್. ಮಾವ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಮದುಮಗನಂತೆ ಕುಳಿತಿದ್ದರು. ರೇಡಿಯೊ ಪೋಸ್ಟ್‌ಮ್ಯಾನರ ತೊಡೆಯ ಮೇಲಿತ್ತು. ಪರದೆಯ ಆಚೆ, ಒಳಕೋಣೆಯಲ್ಲಿ, ನುಣುಪಣ್ಣನ ಮಗಳು ಗೆಳತಿಯರನ್ನು ಕಟ್ಟಿಕೊಂಡು ಫೋನಿಗೆ ಅಂಟಿಕೊಂಡಿದ್ದಳು. ತಾತ ಮೊಮ್ಮಗಳು ಇಬ್ಬರಿಗೂ ಒಂದೇ ಕ್ಲಬ್ಬಿನ ಹುಚ್ಚು. ಆದರೂ ಮೂರು ವರ್ಷದಿಂದ ಜೊತೆಗೆ ಕೂತು ಒಂದು ಆಟ ಮುಗಿಸಿದವರಲ್ಲ.

"ಅಂಗೈಯಗಲದ ಫೋನಲ್ಲಿ ನೋಡೋದೂ ಒಂದು ಆಟಾನಾ? ನಾವು ಕಿವಿಯಲ್ಲೇ ನೋಡ್ತಿದ್ವಿ" ಎಂದರು ಮಾವ.

"ಕಿವಿಯಲ್ಲಿ ನೋಡಿದ್ದಕ್ಕೇ ತಾತ, ನಿನಗೆ ಅರ್ಧ ಕ್ಲಬ್ಬು ಕಾಣಿಸಲೇ ಇಲ್ಲ!" ಎಂದು ಪರದೆಯ ಆಚೆಯಿಂದ ಉತ್ತರ ಬಂತು. ಆ ಮಾತು ಯಾರ ತಲೆಗೂ ಹೋಗಲಿಲ್ಲ.

ಒಂದಕ್ಕೊಂದು ಗೋಲು, ಸಮ ಸಮ. ಮುಗಿಯಲು ನಾಲ್ಕೇ ನಿಮಿಷ. "ಚೆಂಡು ಈಗ..." ಎಂದ ರೇಡಿಯೊ ಗೊರಗೊರ ಎಂದು ತಣ್ಣಗಾಯಿತು.

"ಈಗ? ಈಗ ಎಲ್ಲಿ?" ಮಾವ ಚೀರಿದರು. ನುಣುಪಣ್ಣನಿಗೆ ಬೆಳಗಿನ ಸೆಲ್ಲು ನೆನಪಾಯಿತು. ಪೋಸ್ಟ್‌ಮ್ಯಾನ್ ರೇಡಿಯೊದ ಬೆನ್ನಿಗೆ ಗುದ್ದುತ್ತಿರುವಾಗಲೇ ಒಳಗಿನಿಂದ ಚಾವಣಿ ಹಾರಿಹೋಗುವಂಥ ಕೂಗು ಕೇಳಿತು.

"ಗೆದ್ವಿ! ಕಪ್ ನಮ್ದೇ!"

ಮಾವನ ಕಣ್ಣಲ್ಲಿ ನೀರು ಬಂತು. "ಅಳಿಯಂದ್ರೇ, ಹಾಕಿ ಕತ್ತಿ!"

ನುಣುಪಣ್ಣ ಬೀಗವನ್ನು ನೆನೆದು ಪರದೆಯತ್ತ ತಿರುಗಿದ. "ಗೆದ್ದಿದ್ದು ನಮ್ಮ ಕ್ಲಬ್ಬೇನಾ?"

"ನಮ್ದೇ ಅಪ್ಪಾ!"

"ಫೈನಲ್ಲೇನಾ?"

"ಫೈನಲ್ಲೇ!"

"ಕಪ್ ಗ್ಯಾರಂಟಿ ತಾನೇ?"

"ಎರಡು ಮಾತೇ ಇಲ್ಲ!"

ಇದಕ್ಕಿಂತ ಹೆಚ್ಚಿನ ವಿಚಾರಣೆಯನ್ನು ಯಾವ ಕ್ಷೌರಿಕ ತಾನೇ ಮಾಡಿಯಾನು? ಮೊದಲು ಕತ್ತರಿ, ಆಮೇಲೆ ನೊರೆ, ಆಮೇಲೆ ಕತ್ತಿ. ಇಪ್ಪತ್ತಾರು ವರ್ಷದ ಮೇಲೆ ಮಾವನ ಎಡಗೆನ್ನೆ ಬೆಳಕು ಕಂಡಿತು.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಮೇಜಿನ ಮೇಲಿದ್ದ ಟ್ರಿಮ್ಮರಿನ ಸೆಲ್ಲು ಬಿಚ್ಚಿ ರೇಡಿಯೊಗೆ ಹಾಕಿದ್ದರು. ಅದು ಜೀವ ತಳೆದು ಆಟದ ಫಲಿತಾಂಶ ಒದರಿತು. ಕೊನೆಯ ನಿಮಿಷದಲ್ಲಿ ಗೋಲು ಬಿದ್ದಿತ್ತು, ಸೋತವರು ನಮ್ಮವರು.

ನುಣುಪಣ್ಣ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಮಾವ ಕನ್ನಡಿಯಲ್ಲಿ ತಮ್ಮ ಅರ್ಧ ಮುಖವನ್ನು ಪರಕೀಯರನ್ನು ನೋಡುವಂತೆ ನೋಡುತ್ತಿದ್ದರು. ಮಗಳು ಕುಣಿಯುತ್ತ ಪರದೆ ಸರಿಸಿ ಬಂದವಳು ಅಲ್ಲೇ ನಿಂತಳು.

"ಗೆದ್ವಿ ಅಂದ್ಯಲ್ಲೇ!" ನುಣುಪಣ್ಣನ ದನಿ ಕೀರಲಾಗಿತ್ತು.

"ಗೆದ್ವಲ್ಲಾ ಅಪ್ಪಾ! ಹುಡುಗಿಯರ ಫೈನಲ್!"

"ನಮ್ಮ ಕ್ಲಬ್ಬಲ್ಲಿ ಹುಡುಗಿಯರೂ ಆಡ್ತಾರಾ?" ಮಾವ ಕುರ್ಚಿಯಿಂದ ಅರ್ಧ ಎದ್ದರು.

"ಮೂರು ವರ್ಷದಿಂದ ಬಡ್ಕೋತಾ ಇದೀನಿ ತಾತ!"

"ಎಲ್ಲಿ ಬೀಗ? ಬೀಗ ತನ್ನಿ!" ಮಾವ ಗುಡುಗಿದರು. ಆದರೆ ಮಗಳು ಗೋಡೆಯ ಚೌಕಟ್ಟು ಇಳಿಸಿ ತಾತನ ಮೂಗಿನ ಮುಂದೆ ಹಿಡಿದಳು. "ಹುಡುಗರು ಅಂತ ಎಲ್ಲಿ ಬರೆದಿದೀಯ, ತೋರಿಸು. ಕ್ಲಬ್ಬು ಅಂತ ತಾನೇ ಇರೋದು?"

ಪೋಸ್ಟ್‌ಮ್ಯಾನ್ ಕನ್ನಡಕ ಏರಿಸಿ ಎರಡು ಸಲ ಓದಿದರು. "ಹೌದು ಕಣಯ್ಯ. ಹುಡುಗರು ಅಂತ ಬರೆದಿಲ್ಲ."

ಮಗಳು ಫೋನನ್ನೂ ಮುಂದೆ ಹಿಡಿದಳು. ಅದರಲ್ಲಿ ಗೋಲು ಕಾಯುವ ಹುಡುಗಿಯೊಬ್ಬಳು ಅಡ್ಡಡ್ಡ ಹಾರಿ ಬೆರಳ ತುದಿಯಿಂದ ಪೆನಾಲ್ಟಿ ತಳ್ಳಿದಳು. ಮಾವನ ಬಾಯಿ ತೆರೆದುಕೊಂಡಿತು. "ಇನ್ನೊಂದ್ಸಲ ಹಾಕು" ಎಂದರು. ಮೂರನೆಯ ಸಲ ನೋಡಿ ಮೂಗೆಳೆದುಕೊಂಡು, "ಬಲಗೆನ್ನೆ ಯಾಕೆ ಬಿಟ್ಟಿದೀರಿ, ಅಳಿಯಂದ್ರೇ?" ಎಂದರು.

ಅಂಗಡಿ ಉಳಿಯಿತು! ನುಣುಪಣ್ಣ ಜನ್ಮದಲ್ಲಿ ಅಷ್ಟು ಪ್ರೀತಿಯಿಂದ ಯಾರಿಗೂ ಕ್ಷೌರ ಮಾಡಿರಲಿಲ್ಲ. ಮಾವ ಬೋಳು ಗಲ್ಲ ಸವರಿಕೊಂಡು ನಿಟ್ಟುಸಿರಿಟ್ಟರು.

"ಹುಡುಗಿಯರ ಕಪ್ ಬಂತು, ಸರಿ. ಇನ್ನು ಹುಡುಗರ ಕಪ್ಪಿಗೆ ಯಾರಾದ್ರೂ ಗಡ್ಡ ಬಿಡಬೇಕಲ್ಲ?"

ಮೂರು ವರ್ಷದಲ್ಲಿ ಮೊದಲ ಸಲ ತಾತನೂ ಮೊಮ್ಮಗಳೂ ಒಂದೇ ಕಡೆ ನೋಡಿದರು. ನುಣುಪಣ್ಣನ ಕೈ ತಾನಾಗಿ ಕೆನ್ನೆಗೆ ಹೋಯಿತು. ಪೋಸ್ಟ್‌ಮ್ಯಾನ್ ಜೇಬಿನಿಂದ ಪೆನ್ನು ತೆಗೆದು ಚೌಕಟ್ಟು ಬಿಚ್ಚತೊಡಗಿದ್ದರು.

"ಮಾವ... ಹುಡುಗರು ಹೋದ ಸಲ ಕಪ್ ಗೆದ್ದು ಎಷ್ಟು ವರ್ಷ ಆಯ್ತು?"

"ಗೆದ್ದಿದ್ರೆ ತಾನೇ ಹೋದ ಸಲ ಅನ್ನೋದು?" ಮಾವ ಅಕ್ಕರೆಯಿಂದ ಅವನ ಭುಜ ತಟ್ಟಿದರು. "ಕ್ಲಬ್ ಶುರುವಾಗಿ ಎಂಬತ್ತೊಂದು ವರ್ಷ ಅಷ್ಟೇ ಆಗಿರೋದು. ಅವಸರ ಯಾಕೆ, ಅಳಿಯಂದ್ರೇ?"