ಅಜ್ಜನ ರಿವಾಲ್ವರಿಗೆ ಪಾಲಿಶ್

ಮನ್ಯಾಗ ಒಂದು ಹಳೇ ಸಾಮಾನು ಇತ್ತಂದ್ರ ಸಾಕು, ಊರಾಗಿನ ಶಾಣ್ಯಾರೆಲ್ಲಾ ಬುದ್ಧಿ ಹೇಳಲಿಕ್ಕೆ ಬರ್ತಾರ. ನಮ್ಮ ಮನ್ಯಾಗಿಂದು ಅಜ್ಜನ ರಿವಾಲ್ವರ್. ಅಜ್ಜ ನಿಜಾಮನ ಕಾಲಕ್ಕ ಕಾಳಗಿ ಕಡೆ ಪೊಲೀಸ್ ಪಾಟೀಲ. ಲೈಸೆನ್ಸ್ ಈಗ ನನ್ನ ಹೆಸರಿಗದ. ಗುಂಡು ಹಾರೂದಿಲ್ಲ, ಕರೀ ಬಣ್ಣ ಸವದು ಬೆಳ್ಳಗಾಗ್ಯದ, ಹಿಡಿ ಅಜ್ಜನ ಅಂಗೈ ತಿಕ್ಕಿ ತಿಕ್ಕಿ ನುಣ್ಣಗಾಗ್ಯದ. ಚಿತ್ತಾಪುರದಾಗ ಇಂಥಾದು ಇನ್ನೊಂದು ತೋರಸ್ರಿ, ಮೀಸಿ ಬೋಳಸ್ತೀನಿ!

೧. ಕಲಾಯಿ

ಮಗಳನ್ನ ಚಿಂಚೋಳಿಗೆ ಕೊಟ್ಟೀವಿ. ಈ ದಸರಾಕ್ಕ ಬೀಗರು ಮೊದಲನೇ ಸಲ ಬನ್ನಿ ಕೊಡಲಿಕ್ಕೆ ಬರ್ತೀವಂದ್ರು. ಮದಿವ್ಯಾಗ ನಾನು ರಿವಾಲ್ವರ್ ಬಗ್ಗೆ ಭಾಳ ಜಂಬ ಕೊಚ್ಚಿದ್ದೆ, ಈಗ ತೋರಿಸದೇ ಗತಿ ಇಲ್ಲ.

"ಏನ್ರೀ, ಹಂಡೇಕ್ಕ ಕಲಾಯಿ ಹಾಕಸ್ತೀವಿ, ಇದಕ್ಕೂ ಒಮ್ಮೆ ಹಾಕಸ್ರಿ. ಬೀಗರ ಮುಂದ ಮಾನ ಹೋಗ್ತದ" ಅಂದಳು ಹೆಂಡತಿ.

ಆಕಿ ತಮ್ಮ ವಾಡಿ ಸ್ಟೇಷನ್‌ನಾಗ ರೈಲ್ವೇ ನೌಕರ. ಅವಂದು ಇನ್ನೊಂದು. "ಮಾಮಾ, ಸಿಮೆಂಟ್ ಒಯ್ಯೂ ಗೂಡ್ಸ್ ಡಬ್ಬಿಗೆ ಹಚ್ಚೂ ಪೇಂಟ್ ಹಚ್ಚಿಬಿಡೂಣು. ಬಿಸಲಿಗೂ ಮಳಿಗೂ ಜಗ್ಗೂದಿಲ್ಲ."

"ನಮ್ಮಜ್ಜನ್ನ ಏನು ಸಿಮೆಂಟ್ ತುಂಬಿ ಕಳಸಬೇಕಾಗ್ಯದೇನಲೇ?" ಅಂದೆ.

೨. ದುಕಾನದಾಗ

ಕಲಬುರಗಿಗೆ ಹೋಗಿ ಬಂದೂಕಿನ ದುಕಾನದಾಗ ತೋರಿಸಿದೆ. ಮಾಲಕ ಎತ್ತಿ ನೋಡಿ, "ಪಾಲಿಶ್ ಯಾಕ್ರೀ ಸರ? ಹೊಸದೇ ಒಯ್ರಿ. ಇದನ್ನ ಎಕ್ಸ್‌ಚೇಂಜ್‌ನಾಗ ಹಿಡೀತೀನಿ" ಅಂದ.

ಹಳೇ ಮಿಕ್ಸರ್ ಕೊಟ್ಟು ಹೊಸಾದು ತಂದಂಗ! ಸಿಟ್ಟು ನೆತ್ತಿಗೇರಿತು. ಮನೀಗೆ ಬಂದು ಹೇಳಿದ್ರ ಹೆಂಡತಿ ಕೇಳಿದಳು: "ಎಷ್ಟಕ್ಕ ಹಿಡೀತಾನಂತ?"

೩. ಠಾಣ್ಯಾಗ

ಅಷ್ಟರಾಗ ಎಲೆಕ್ಷನ್ ಬಂತು. ಎಲೆಕ್ಷನ್ ಮುಗಿಯೂತನ ಲೈಸೆನ್ಸಿನ ಹತಾರ ಠಾಣ್ಯಾಗ ಇಡಬೇಕು. ಬಟ್ಟಿ ಗಂಟಿನ್ಯಾಗ ಕಟಗೊಂಡು ಹೋದೆ. ಹರೇದ ಪೊಲೀಸಪ್ಪ ಬಿಚ್ಚಿ ನೋಡಿ, "ಸಾಹೇಬ್ರ, ಇದರಿಂದ ಯಾರಿಗರೆ ಏನರೆ ಆಗ್ತದೇನ್ರೀ?" ಅಂತ ಸಾಹೇಬರನ್ನ ಕೇಳಿದ.

ಸಾಹೇಬರು ತಲಿ ಎತ್ತದೇ ಅಂದ್ರು: "ಕಾಲ ಮ್ಯಾಲ ಬಿದ್ರ ಆಗ್ತದ. ಹುಷಾರಾಗಿ ಇಡು."

ವಾಪಸ್ ಬಂದ ಮ್ಯಾಲ ಪಾಲಿಶ್ ಮಾಡಸೂದೇ ಅಂತ ಅವತ್ತೇ ಠರಾವು ಮಾಡಿದೆ.

೪. ಬೀಗರ ಮುಂದ

ದಸರಾ ಹಿಂದಿನ ದಿನ ಗಂಟು ವಾಪಸ್ ಸಿಕ್ತು. ಪಾಲಿಶ್‌ಗೆ ಇನ್ನೆಲ್ಲಿ ಹೊತ್ತು? ಬಿಚ್ಚದೇ ದೇವರ ಮುಂದ ಇಟ್ಟೆ. ಮರುದಿನ ಬೀಗರು ಬಂದು ಕುಂತ ಮ್ಯಾಲ, ಎದಿ ಸೆಟಸಿ ಗಂಟು ಬಿಚ್ಚಿದೆ.

ಅಬಬಾ! ಮಾರಿ ಕಾಣೂವಂಗ ಥಳಥಳ ಹೊಳೀಲಿಕತ್ತದ!

"ನೋಡ್ರಿ, ಪೊಲೀಸರೇ ತಿಕ್ಕಿ ಕೊಟ್ಟಾರ" ಅಂತ ಹೆಂಡತಿ ಕಿವ್ಯಾಗ ಅಂದಳು. ನಾನೂ ಖರೇ ಅಂತ ನಂಬಿದೆ.

ಬೀಗರು ಆ ಕಡೆ ಈ ಕಡೆ ಹೊರಳಿಸಿ ನೋಡಿದ್ರು. "ಛಲೋ ಅದ ಬೀಗ್ರೇ. ಯಾವಾಗ ಖರೀದಿ ಮಾಡಿದ್ರಿ?"

"ಅಜ್ಜಂದ್ರೀ ಇದು!"

"ಹೌದೇನು?" ಅಂತ ಬೀಗತಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಮದಿವ್ಯಾಗ ನಾ ಹೇಳಿದ್ದೆಲ್ಲಾ ಸುಳ್ಳಂತ ಅವರಿಗೆ ಅನಸಿಬಿಟ್ಟಿತ್ತು. ಭೂಮಿ ಬಾಯಿ ಬಿಟ್ರ ಒಳಗ ಹೋಗ್ತಿದ್ದೆ.

ಅಷ್ಟರಾಗ ಬಾಗಲ ಮುಂದ ಜೀಪು ನಿಂತಿತು. ಪರಸಿ ಕಲ್ಲಿನ ಖಣಿ ಸಾಹುಕಾರ ಒಂದು ಗಂಟು ಹಿಡಕೊಂಡು ಒಳಗ ಬಂದ. "ಸರ, ಠಾಣ್ಯಾಗ ಗಂಟು ಅದಲಾಬದಲಿ ಆಗ್ಯಾವ. ಆ ಹೊಳಿಯೂದು ನಂದು, ಇದು ನಿಮ್ದು."

ನಮ್ಮ ಸವಕಲು ರಿವಾಲ್ವರ್! ಎದಿಗೆ ಅವಚಿಕೊಂಡೆ. ಬೀಗರು ಎದ್ದು ಬಂದು ಎರಡೂ ಕೈಯಾಗ ತಗೊಂಡು, ಹಿಡಿ ಮುಟ್ಟಿ ನೋಡಿ ಕಣ್ಣಿಗೆ ಒತ್ತಿಕೊಂಡ್ರು.

ಸಾಹುಕಾರ ಮಾತ್ರ ಹೋಗವಲ್ಲ. ತಲಿ ಕೆರಕೊಂಡು ಅಂದ: "ನಿನ್ನಿಯಿಂದ ಇದು ನಮ್ಮ ಮನ್ಯಾಗ ಇತ್ತಲ್ರೀ. ನೋಡಿದವರೆಲ್ಲಾ, 'ಸಾಹುಕಾರ್ರೇ, ನಿಮ್ದು ಇಷ್ಟು ಹಳೇ ಮನಿತನ ಅಂತ ಗೊತ್ತೇ ಇರಲಿಲ್ಲ' ಅಂತ ಕೈ ಮುಗದ್ರು. ಖರೇ ಹೇಳ್ರಿ, ಹಿಂಗ ಸವದಂಗ ಕಾಣೂವಂಥ ಪಾಲಿಶ್ ಎಲ್ಲಿ ಮಾಡಸಿದ್ರಿ? ನಂದಕ್ಕೂ ಮಾಡಸ್ತೀನಿ."

ನಾ ಬೀಗರ ಕಡೆ ಒಮ್ಮೆ ನೋಡಿ ಹೇಳಿದೆ: "ಇಲ್ಲೇ ಮನ್ಯಾಗೇ ಮಾಡ್ತೀವ್ರೀ. ಮೂರು ತಲಿಮಾರು ಹಿಡೀತದ. ನಿಮಗೇನು ಅರ್ಜೆಂಟ್ ಇಲ್ಲಲ್ಲ?"