ಮೊಮ್ಮಗಳ ನಾಲ್ಕು ಗುಂಡಿಗಳು

ವೇಳೆಗೆ ಸರಿಯಾಗಿ ಬದುಕುವವರಲ್ಲಿ ಒಂದು ದೋಷವಿರುತ್ತದೆ. ಅದನ್ನು ಅವರು ಗುಣವೆಂದೇ ತಿಳಿದಿರುತ್ತಾರೆ. ಬೇರೆಯವರ ಕೆಲಸ ನಿಧಾನವಾಗಿ ಸಾಗುವುದನ್ನು ನೋಡುತ್ತ ಕೂಡುವುದು ಅವರಿಂದ ಆಗದು. ಕಸಿದುಕೊಂಡು ತಾವೇ ಮಾಡಿ ಮುಗಿಸುತ್ತಾರೆ, ಮೇಲೆ ಉಪಕಾರ ಮಾಡಿದೆವೆಂದು ಬೀಗುತ್ತಾರೆ. ನಾನು ಈ ಪಂಗಡಕ್ಕೆ ಸೇರಿದವನು. ಆಳಂದದ ಬಸ್ ನಿಲ್ದಾಣದಲ್ಲಿ ಬಹಳ ವರ್ಷ ಕಂಟ್ರೋಲರನಾಗಿದ್ದೆ. ಗಡಿಯಾರದ ಮುಳ್ಳು ಮುಟ್ಟಿತೆಂದರೆ ಸೀಟಿ ಊದುತ್ತಿದ್ದೆ. ಮಟಕಿ ಎಂಬ ಹಳ್ಳಿಯ ಬಸ್ಸಿಗೆ ಒಂದು ಕಾಲು ಏರಿಸಿದವನ ಇನ್ನೊಂದು ಕಾಲು ನೆಲದ ಮೇಲೆ ಉಳಿದಿದ್ದರೆ ಅದು ಆ ಕಾಲಿನ ತಪ್ಪು. ನಿವೃತ್ತನಾದ ಮೇಲೆ ಬಿಡಲು ಬಸ್ಸುಗಳಿಲ್ಲದೆ ಮನೆಯವರನ್ನೇ ವೇಳೆಗೆ ಸರಿಯಾಗಿ ಹೊರಡಿಸತೊಡಗಿದೆ.

ಸೊಸೆ ಶಾರದಾ ನರೋಣಾದ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಬಸ್ಸು ಹಿಡಿಯಬೇಕು. ಮಗನ ನೌಕರಿ ಜೇವರ್ಗಿಯಲ್ಲಿ, ಬರುವುದು ಶನಿವಾರ. ಹೀಗಾಗಿ ಐದು ವರ್ಷದ ಮೊಮ್ಮಗಳು ನಂದಾಳನ್ನು ಬಾಲವಾಡಿಗೆ ಸಿದ್ಧಮಾಡುವ ಹೊಣೆ ನನ್ನದು. ಫ್ರಾಕು, ಅದರ ನಾಲ್ಕು ಗುಂಡಿ, ಚಪ್ಪಲಿ, ಎಲ್ಲ ಸೇರಿ ಎರಡು ನಿಮಿಷ. ಈ ವೇಗವನ್ನು ನೆರೆಯವರ ಮುಂದೆ ಹೊಗಳಿಕೊಂಡದ್ದೂ ಉಂಟು.

ಒಂದು ದಿನ ಬಾಲವಾಡಿಯ ಟೀಚರು ಮನೆಗೆ ಬಂದರು. "ಅಜ್ಜಾರ, ನಂದಾ ಮಾತಿನ್ಯಾಗ ಭಾಳ ಚುರುಕ ಅದಾಳ್ರಿ. ಆದ್ರ ಕೈಯಾಗ ಬಳಪ ನಿಲ್ಲವಲ್ದು. ಹಿಂಗಾದ್ರ ಜೂನ್‌ದಾಗ ಒಂದನೇ ಕ್ಲಾಸಿಗಿ ತಗೊಳ್ಳೂದು ಕಷ್ಟ ಅದರಿ" ಎಂದರು. ಶಾರದಾಳ ಮುಖ ಸಣ್ಣದಾಯಿತು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವವಳ ಮಗಳು ಹೊರಗುಳಿಯುವುದೆಂದರೆ ಏನು?

ಮಗುವಿನ ಕೈ ತೋರಿಸಲು ಹೋದಾಗ ಸೊಲ್ಲಾಪುರದ ಡಾಕ್ಟರರು ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಇದಕ್ಕೆ ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ ಎಂದರು. ಹೆಸರು ಕೇಳಿ ಯಾವುದೋ ದೊಡ್ಡ ಯಂತ್ರವಿರಬೇಕೆಂದು ಹೆದರಿದ್ದೆ. ಒಳಗಿದ್ದದ್ದು ಮಣಿಗಳು, ಚೆಂಡು, ಕಲಸಿದ ಹಿಟ್ಟು, ಮತ್ತು ನಮ್ಮ ಕಡೆಯದೇ ಕನ್ನಡ ಆಡುವ ಒಬ್ಬ ತರುಣಿ. ಆಕೆ ಮಗುವನ್ನು ಆಡಿಸುತ್ತ, "ಗುಂಡಿ ಹಾಕ್ಕೋ ನೋಡೂಣು" ಎಂದಳು. ನಂದಾ ನೆಟ್ಟಗೆ ನನ್ನ ಹತ್ತಿರ ಬಂದು, ಗದ್ದ ಮೇಲೆತ್ತಿ, ಎದೆ ಮುಂದೆ ಮಾಡಿ ನಿಂತಳು.

"ದಿನಾ ಯಾರು ಹಾಕ್ತೀರ್ರಿ?"

"ನಾನೇರಿ. ಎರಡು ನಿಮಿಷದಾಗ ಎಲ್ಲಾ ಮುಗಸ್ತೇನಿ" ಎಂದೆ, ಹೆಮ್ಮೆಯಿಂದ.

"ಹಂಗಾದ್ರ ನಿಮ್ಮ ಬೆರಳಿಗಿ ಭಾಳ ಛಲೋ ವ್ಯಾಯಾಮ ಆಗ್ಯಾದ ಬಿಡ್ರಿ" ಎಂದಳು.

ನಂದಾಳ ಬೆರಳುಗಳಲ್ಲಿ ಮೊದಲಿನಿಂದಲೂ ಬಲ ಸ್ವಲ್ಪ ಕಡಿಮೆಯಂತೆ. ಇದ್ದಷ್ಟಕ್ಕೂ ನಾನು ಕೆಲಸ ಕೊಟ್ಟಿರಲಿಲ್ಲ. ಗುಳಿಗೆ ಇಲ್ಲ, ಸೂಜಿ ಇಲ್ಲ. ಜೋಳದ ಹಿಟ್ಟು ನಾದಬೇಕು, ಶೇಂಗಾ ಸುಲಿಯಬೇಕು, ಕೂಡಿಸಿಟ್ಟ ಕಾಳು ಆರಿಸಬೇಕು, ತನ್ನ ಗುಂಡಿ ತಾನೇ ಹಾಕಿಕೊಳ್ಳಬೇಕು. "ನಡುವ ಯಾರೂ ಕೈ ಹಾಕಬ್ಯಾಡ್ರಿ. ಎಷ್ಟೊತ್ತಾದ್ರೂ ತಡೀರಿ."

ನಾನು ಮನೆಗೆ ಬಂದವನೇ ವೇಳಾಪಟ್ಟಿ ಬರೆದು ಗೋಡೆಗಂಟಿಸಿದೆ. ಎಂಟರಿಂದ ಎಂಟೂಕಾಲು ಹಿಟ್ಟು. ಎಂಟೂಕಾಲಿನಿಂದ ಎಂಟೂವರೆ ಶೇಂಗಾ. ನಡುವೆ ಸೀಟಿ. ಮೂರನೆಯ ದಿನ ನಂದಾ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಜೋಳದ ಚೀಲಗಳ ಹಿಂದೆ ಕೂತುಬಿಟ್ಟಳು. ನನ್ನ ಹೆಂಡತಿ ಗಂಗಾಬಾಯಿ ಪಟ್ಟಿ ಕಿತ್ತಳು. "ಕೂಸಿನ ಕೈ ಏನು ಬಸ್ಸೇನ್ರಿ, ಸೀಟಿ ಊದಿದ ಕೂಡ್ಲೆ ಹೊಂಡಾಕ?" ಎಂದು ಸೀಟಿಯನ್ನೂ ಕಸಿದುಕೊಂಡು, ಮಗುವನ್ನು ಒಲೆಯಿಂದ ದೂರ, ಹಿಟ್ಟು ನಾದುವ ಮರದ ಕೊಣಮಿಗೆಯ ಎದುರು ಕೂಡಿಸಿ ಒಂದು ಉಂಡೆ ಹಿಟ್ಟು ಕೊಟ್ಟಳು. ಅಜ್ಜಿ ರೊಟ್ಟಿ ಬಡಿದಂತೆ ಮೊಮ್ಮಗಳೂ ಬಡಿಯತೊಡಗಿದಳು. ಆ ರೊಟ್ಟಿಗಳನ್ನು ತಿನ್ನುವ ಕೆಲಸ ನನಗೆ ಬಂತು. ಅಪರಾಧಕ್ಕೆ ತಕ್ಕ ದಂಡ.

ಕಾಳಿನದು ಬೇರೆಯೇ ಪಜೀತಿ. ಜೋಳ, ತೊಗರಿ ಕೂಡಿಸಿ ಮೊರದಲ್ಲಿಟ್ಟರೆ ನಂದಾ ಬರುವಷ್ಟರಲ್ಲಿ ಎರಡೂ ಬೇರೆಯಾಗಿರುತ್ತಿದ್ದವು. ಪಕ್ಕದ ಮನೆಯ ಕಾಶೀಬಾಯಿ ಮಾತಾಡಲು ಬಂದವಳು ಆರಿಸಿಬಿಟ್ಟಿದ್ದಳು. "ಏನ್ ಬೇ ಗಂಗಾಬಾಯಿ, ಹಸನ ಮಾಡಲಾರದ ಕಾಳು ಹಂಗೇ ಇಟ್ಟೀದಿ? ನಿಮ್ಮ ಮನ್ಯಾಗ ಹೆಣ್ಮಕ್ಕಳು ಸತ್ತಾರೇನು?" ಮರುದಿನ ಮತ್ತೆ ಕೂಡಿಸಿಟ್ಟೆವು, ಮೊಸರು ಮಾರುವವಳು ಹಸನು ಮಾಡಿ ಹೋದಳು. ಅದರ ಮರುದಿನ, ಎಲ್ಲ ತಿಳಿದಿದ್ದ ಶಾರದಾಳೇ ಶಾಲೆಯಿಂದ ಬಂದು ಚಹಾ ಕುಡಿಯುತ್ತ ಅರ್ಧ ಮೊರ ಮುಗಿಸಿ, ನಾಲಿಗೆ ಕಚ್ಚಿಕೊಂಡಳು. ನಮ್ಮ ಕಡೆಯ ಹೆಣ್ಣುಮಕ್ಕಳ ಬೆರಳು ಕಾಳು ಕಂಡರೆ ಯಾರ ಮಾತನ್ನೂ ಕೇಳುವುದಿಲ್ಲ. ಕೊನೆಗೆ ನಂದಾಳೇ ಮೊರದ ಮೇಲೆ ಬಾಗಿ, "ಯಾರೂ ಮುಟ್ಟಬ್ಯಾಡ್ರಿ, ಇದು ನಂದು!" ಎಂದು ಕೂಗಿದಳು. ಅಂದಿನಿಂದ ಕೆಲಸ ಸಾಗಿತು.

ಉಳಿದದ್ದು ಗುಂಡಿ, ಎಂದರೆ ನಾನು. ಬೆಳಿಗ್ಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವಳೆದುರು ಕೂಡುತ್ತಿದ್ದೆ. ಗುಂಡಿ ಕಾಜಿನವರೆಗೆ ಬರುವುದು, ಅರ್ಧ ಇಣುಕುವುದು, ಜಾರುವುದು. ನನಗೆ ಬೆವರಿಳಿಯುತ್ತಿತ್ತು. "ಅಜ್ಜಾ, ನೀ ಆ ಕಡಿ ನೋಡು" ಎನ್ನುತ್ತಿದ್ದಳು. ಗೋಡೆ ನೋಡುತ್ತ ಕೂತಾಗ ಮಗನ ನೆನಪಾಯಿತು. ಅವನ ಅರ್ಜಿಗಳನ್ನೆಲ್ಲ ನಾನೇ ತುಂಬಿದವನು, ಅವನು ತಡಮಾಡುತ್ತಾನೆಂದು. ಇಂದಿಗೂ ಯಾವ ಫಾರ್ಮು ಬಂದರೂ ಅವನು ಪೆನ್ನನ್ನು ನನ್ನ ಕಡೆ ಚಾಚುತ್ತಾನೆ. ಇಷ್ಟು ವರ್ಷ ಅದನ್ನು ಗೌರವವೆಂದುಕೊಂಡಿದ್ದೆ.

ಮೇ ಮುಗಿಯುವ ಹೊತ್ತಿಗೆ ಮೂರು ಗುಂಡಿಗಳು ಅವಳ ವಶವಾಗಿದ್ದವು. ಕೊರಳಿನದು ಮಾತ್ರ ಇನ್ನೂ ಸತಾಯಿಸುತ್ತಿತ್ತು. ಜೂನಿನಲ್ಲಿ ಶಾಲೆಗೆ ಕರೆದೊಯ್ದೆ. ಹೆಡ್‌ಮಾಸ್ತರರು ಪಾಟಿಯ ಮೇಲೆ ಒಂದು ಗೆರೆ, ಒಂದು ಸೊನ್ನೆ ಬರೆಯಲು ಹೇಳಿದರು. ಗೆರೆ ಬಂತು. ಸೊನ್ನೆ ಅರ್ಧಕ್ಕೆ ನಿಂತಿತು. ಹಿಂದೆ ನಿಂತವರು ಗೊಣಗತೊಡಗಿದರು. ಹೆಡ್‌ಮಾಸ್ತರರು ಸಹಾಯಕ್ಕೆಂದು ಅವಳ ಕೈ ಹಿಡಿಯಹೋದರು. "ತಡೀರಿ ಮಾಸ್ತರ್!" ಎಂದೆ, ದನಿ ಜೋರಾಯಿತು. ಬಳಪ ನಡುಗಿತು, ಬೀಳಲಿಲ್ಲ. ಸೊನ್ನೆ ಕುಂಬಳಕಾಯಿಯಂತೆ ಸೊಟ್ಟಾಗಿ ಬಂದು ಕೂಡಿಕೊಂಡಿತು. ಅವರು ನಕ್ಕು ಹೆಸರು ಬರೆದುಕೊಂಡರು.

"ದಿನಾ ಹತ್ತಕ್ಕ ಸರಿಯಾಗಿ ಬರಬೇಕು ನೋಡ್ರಿ. ತಡಾ ಆದ್ರ ಒಳಗ ಬಿಡೂದಿಲ್ಲ."

ನಾನು ಕೈಮುಗಿದೆ. "ಒಂದೈದು ನಿಮಿಷ ಹೆಚ್ಚುಕಮ್ಮಿ ಆಗ್ತದರಿ ಮಾಸ್ತರ್. ಗುಂಡಿ ಆಕಿನೇ ಹಾಕ್ಕೋತಾಳ."

ಹೆಡ್‌ಮಾಸ್ತರರು ನಾನು ಬಿಟ್ಟ ಬಸ್ಸುಗಳ ಹಿಂದೆ ಎಷ್ಟು ಸಲ ಓಡಿದ್ದರೋ ಯಾರಿಗೆ ಗೊತ್ತು. ಲೇಖನಿ ಕೆಳಗಿಟ್ಟು, ಕುರ್ಚಿಗೆ ಆರಾಮವಾಗಿ ಒರಗಿ, "ಕಂಟ್ರೋಲರ್ ಸಾಹೇಬ್ರ, ಇನ್ನೊಮ್ಮಿ ಹೇಳ್ರಿ, ನನಗ ಸರಿಯಾಗಿ ಕೇಳಿಸ್ಲಿಲ್ಲ" ಎಂದರು.

ಇನ್ನೊಮ್ಮೆ ಹೇಳಿದೆ.